ಗೋಡೆಗೆ ಕಂಬಳಿ ಹೊದಿಸಬೇಕಾ?

ಏಪ್ರಿಲ್ ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಸೆಖೆಯದ್ದೇ. ಬೆಂಗಳೂರಿನವರಿಗೆ ಸೆಖೆ ಅಂದರೆ ಸ್ವಲ್ಪ ಅವಮಾನವೂ ಹೌದು, ಫ್ಯಾನೇ ಬೇಡದ ಊರು ಅಂತ ನೆಂಟರ ಮುಂದೆ ಹೇಳಿಕೊಂಡು ಬಂದವರು ನಾವು. 2016ರ ಏಪ್ರಿಲ್‌ನಲ್ಲಿ ಇದೇ ಊರಲ್ಲಿ 39.2 ಡಿಗ್ರಿ ಆದ ಮೇಲೆ ಆ ಜಂಬ ಇಳಿದಿದೆ. ಈ ಸಲ ಪತ್ರಗಳಲ್ಲಿ ಹೊಸ ಮಾತೊಂದು ಸೇರಿಕೊಂಡಿದೆ: ಇನ್ಸುಲೇಷನ್, ಅಂದರೆ ಶಾಖ ದಾಟದಂತೆ ಗೋಡೆಗೋ ತಾರಸಿಗೋ ಹಾಕುವ ಹೊದಿಕೆ.

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮ ತಂದೆ 1968ರಲ್ಲಿ ಕಟ್ಟಿಸಿದ ಮನೆ ಇದೆ. 9 ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ತಾರಸಿ. ಮಹಡಿ ರೂಮಿನಲ್ಲಿ ಬೇಸಿಗೆ ರಾತ್ರಿ ಮಲಗೋಕೆ ಆಗುವುದಿಲ್ಲ. ಹ್ಯೂಸ್ಟನ್‌ನಲ್ಲಿರುವ ಮಗ ಗೋಡೆಗೆಲ್ಲ ಇನ್ಸುಲೇಷನ್ ಮಾಡಿಸಿ ಅನ್ನುತ್ತಾನೆ. ಕಂಟ್ರಾಕ್ಟರ್ ಒಬ್ಬರು ಒಳಗಡೆಯಿಂದ ಥರ್ಮೊಕೋಲ್ ಹಾಕಿ ಮೇಲೆ ಜಿಪ್ಸಂ ಬೋರ್ಡ್ ಕೂರಿಸಿಕೊಡುತ್ತೇನೆ ಎಂದಿದ್ದಾರೆ. ಮಾಡಿಸಲಾ?

ಉತ್ತರ: ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಹಾಗಾದರೆ ಇವತ್ತು ರಾತ್ರಿ 9 ಗಂಟೆಗೆ ಒಂದು ಕೆಲಸ ಮಾಡಿ. ಆ ರೂಮಿನ ನಾಲ್ಕೂ ಗೋಡೆಗಳ ಮೇಲೆ ಒಂದೊಂದಾಗಿ ಅಂಗೈ ಇಡಿ. ಆಮೇಲೆ ಸ್ಟೂಲ್ ಹತ್ತಿ (ಯಾರಾದರೂ ಹಿಡಿದುಕೊಳ್ಳಲಿ) ತಾರಸಿಯ ಅಡಿಗೆ ಕೈ ಇಡಿ. ಉತ್ತರದ ಗೋಡೆ ತಣ್ಣಗಿರುತ್ತದೆ, ಪಶ್ಚಿಮದ್ದು ಬೆಚ್ಚಗಿರುತ್ತದೆ, ತಾರಸಿ ಮಾತ್ರ ಆಗಷ್ಟೇ ದೋಸೆ ಹುಯ್ದು ಇಳಿಸಿದ ಕಾವಲಿ ಥರ ಇರುತ್ತದೆ. ನಿಮ್ಮ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕೈಯೇ ಹೇಳುತ್ತದೆ.

ಕಾರಣ ಸೀದಾ ಇದೆ. ನಮ್ಮ ಊರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ, ಕಂಬ ನೆಟ್ಟರೆ ನೆರಳೇ ಬೀಳುವುದಿಲ್ಲ. ಆ ಬಿಸಿಲೆಲ್ಲ ಬೀಳುವುದು ತಾರಸಿಗೆ. ದಕ್ಷಿಣದ ಗೋಡೆಗೆ ಆಗ ಬಿಸಿಲು ಹೆಚ್ಚುಕಮ್ಮಿ ತಾಗುವುದೇ ಇಲ್ಲ. ಗೋಡೆಗಳಲ್ಲಿ ನಿಜವಾಗಿ ಕಾಟ ಕೊಡುವುದು ಪಶ್ಚಿಮದ್ದು. 9 ಇಂಚಿನ ಇಟ್ಟಿಗೆಯನ್ನು ದಾಟಿ ಬರಲು ಶಾಖಕ್ಕೆ ಸುಮಾರು 6-7 ಗಂಟೆ ಬೇಕು. ಹಾಗಾಗಿ 4 ಗಂಟೆಯ ಬಿಸಿಲು ನೀವು ಮಲಗುವ ಹೊತ್ತಿಗೆ ಸರಿಯಾಗಿ ಒಳಗೆ ಬಂದು ಹಾಜರ್!

ಮಗ ಹೇಳುವುದು ಸುಳ್ಳಲ್ಲ, ಅವನ ಊರಿನ ಮಟ್ಟಿಗೆ ನಿಜವೇ. ಅಲ್ಲಿ ಹೆಚ್ಚಿನ ಮನೆಗಳ ಗೋಡೆ ಮರದ ಚೌಕಟ್ಟಿನದ್ದು, ಒಳಗೆ ಟೊಳ್ಳು, ಆ ಟೊಳ್ಳಿಗೆ ಇನ್ಸುಲೇಷನ್ ತುಂಬುತ್ತಾರೆ. ಬೇಸಿಗೆ ಪೂರ್ತಿ ಎಸಿ ಓಡುತ್ತದೆ, ಕಿಟಕಿ ತೆಗೆಯುವ ಮಾತೇ ಇಲ್ಲ. ನಮ್ಮದು ಗಟ್ಟಿ ಗೋಡೆ, ತುಂಬಲು ಜಾಗವೇ ಇಲ್ಲ. ಅದೂ ಅಲ್ಲದೆ ಬೆಂಗಳೂರಿನ ರಾತ್ರಿ ಇನ್ನೂ ತಂಪಾಗುತ್ತದೆ. ಕಿಟಕಿ ತೆಗೆದಿಟ್ಟರೆ ಆ ತಂಪನ್ನು ಕುಡಿದು ಮರುದಿನ ಮಧ್ಯಾಹ್ನದವರೆಗೆ ಕಾಪಾಡಿಕೊಳ್ಳುವುದು ಇದೇ ದಪ್ಪ ಗೋಡೆ. ಒಳಗಡೆಯಿಂದ ಥರ್ಮೊಕೋಲ್ ಹೊದಿಸಿದರೆ ಆ ಉಪಕಾರವನ್ನು ನೀವೇ ಮುಚ್ಚಿ ಹಾಕಿದ ಹಾಗೆ. ರೂಮೂ ಎರಡೂ ಕಡೆ ಮೂರು ಮೂರು ಇಂಚು ಚಿಕ್ಕದಾಗುತ್ತದೆ, ಫೋಟೊ ತೂಗುಹಾಕಲು ಮೊಳೆಯೂ ನಿಲ್ಲುವುದಿಲ್ಲ.

ಮೊದಲು ತಾರಸಿ ನೋಡಿ. ಸುಣ್ಣವೋ ಬಿಳಿ ಕೂಲ್ ರೂಫ್ ಪೇಂಟೋ ಬಳಿದರೆ ಅರ್ಧ ಸಮಸ್ಯೆ ಅಲ್ಲೇ ಇಳಿಯುತ್ತದೆ. ಬಜೆಟ್ ಇದ್ದರೆ ವಾಟರ್‌ಪ್ರೂಫಿಂಗ್ ಮೇಲೆ 2 ಇಂಚು ಎಕ್ಸ್‌ಪಿಎಸ್ ಹಲಗೆ (ಥರ್ಮೊಕೋಲ್ ಜಾತಿಯದ್ದೇ, ಆದರೆ ಗಟ್ಟಿ), ಅದರ ಮೇಲೆ ಕಾಂಕ್ರೀಟ್ ಪದರ, ಮೇಲೆ ಬಿಳಿ ಟೈಲ್ಸ್. ನೀರು ಹರಿಯುವ ಇಳಿಜಾರು ಮಾತ್ರ ಕೆಡಬಾರದು. ವಸತಿ ಕಟ್ಟಡಗಳಿಗೆ ಅಂತ 2018ರಲ್ಲಿ ಬಂದ ಕೇಂದ್ರ ಸರ್ಕಾರದ ಇಂಧನ ಉಳಿತಾಯ ನಿಯಮಾವಳಿ, ಇಕೋ ನಿವಾಸ್ ಸಂಹಿತೆ ಕೂಡ ಗೋಡೆಯ ಲೆಕ್ಕ ಬೇರೆ ಇಟ್ಟು, ತಾರಸಿಗೆ ಪ್ರತ್ಯೇಕ ಮಿತಿ ಹಾಕಿದೆ: ದಾಟಿ ಬರುವ ಶಾಖ ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್ ಮೀರಬಾರದು. ನಮ್ಮ ಬರೀ ಆರ್‌ಸಿಸಿ 3ಕ್ಕಿಂತ ಜಾಸ್ತಿ ಒಳಗೆ ಬಿಡುತ್ತದೆ. ನಿಮ್ಮದು ಆರ್‌ಸಿಸಿ ಆದ್ದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಅಕ್ಕಪಕ್ಕದಲ್ಲಿ ಯಾರದ್ದಾದರೂ ಮರದ ತೊಲೆ ಮೇಲಿನ ಮದ್ರಾಸ್ ತಾರಸಿ ಇದ್ದರೆ ಅವರು ಎಂಜಿನಿಯರ್‌ಗೆ ತೋರಿಸದೆ ಒಂದು ಬಾಂಡ್ಲಿ ಕಾಂಕ್ರೀಟನ್ನೂ ಮೇಲೆ ಹಾಕಬಾರದು.

ತಾರಸಿ ಆದ ಮೇಲೆ ಪಶ್ಚಿಮದ ಗೋಡೆಗೆ ನೆರಳು. ಸಜ್ಜ ಅಗಲ ಮಾಡಿ, ಹೊರಗಡೆ ಬಿದಿರಿನ ತಟ್ಟಿ ಇಳಿಬಿಡಿ. ಒಳಗಿನ ಪರದೆ ಲೆಕ್ಕಕ್ಕಿಲ್ಲ, ಬಿಸಿಲು ಗಾಜು ದಾಟಿ ಬಂದಾಗಿದೆ ಅಲ್ವಾ? ಇಷ್ಟು ಮಾಡಿ ಒಂದು ಬೇಸಿಗೆ ಕಳೆಯಿರಿ, ಆಮೇಲೂ ಬೇಕು ಅನ್ನಿಸಿದರೆ ಆ ಒಂದೇ ಗೋಡೆಗೆ, ಅದೂ ಹೊರಗಡೆಯಿಂದ, ಇನ್ಸುಲೇಷನ್ ಯೋಚಿಸಿ.

ಒಳಗಡೆಯಿಂದ ಬೇಡ ಅನ್ನುವುದಕ್ಕೆ ನನ್ನದೇ ಅನುಭವ ಇದೆ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಮಲಗುವ ಕೋಣೆಗೆ ನಾನೂ ಇದನ್ನೇ ಮಾಡಿಸಿದೆ. ಮೊದಲ ಬೇಸಿಗೆ ಚೆನ್ನಾಗಿತ್ತು, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ರೂಮಿನಲ್ಲಿ ಹಳೇ ಗೋಣಿಚೀಲದ ವಾಸನೆ. ಬೀರು ಒರೆಸಿದೆವು, ಹಾಸಿಗೆ ಬಿಸಿಲಿಗೆ ಹಾಕಿದೆವು, ಇಲಿ ಸತ್ತಿದೆಯೇನೋ ಅಂತ ಮಂಚದಡಿ ಹುಡುಕಿದೆವು. ಕೊನೆಗೆ ಒಂದು ಬೋರ್ಡ್ ಕಿತ್ತರೆ ಹಿಂಬದಿ ಪೂರ್ತಿ ಕಪ್ಪು ಬೂಷ್ಟು, ಮೂಲೆಯಲ್ಲಿ ಬೆರಳುದ್ದ ಅಣಬೆ. ಹೊರಗಿನ ಪ್ಲಾಸ್ಟರಿನಲ್ಲಿ ಕೂದಲೆಳೆ ಬಿರುಕು ಇತ್ತು, ಮಳೆನೀರು ಇಳಿಯುತ್ತಿತ್ತು. ಮೊದಲಾದರೆ ಗೋಡೆ ಮೇಲೆ ಕಲೆ ಕಾಣುತ್ತಿತ್ತು, ಫ್ಯಾನ್ ಗಾಳಿಗೆ ಒಣಗುತ್ತಿತ್ತು. ಬೋರ್ಡ್ ಹಾಕಿ ಎರಡಕ್ಕೂ ದಾರಿ ಮುಚ್ಚಿದವನು ನಾನೇ. ಕೆಲಸ ಮಾಡಿಕೊಟ್ಟವರು ಫೋನ್ ತೆಗೆಯಲಿಲ್ಲ. ಆ ಕಥೆ ಬಿಡಿ.

ಪ್ರಶ್ನೆ: ನಾವು ಹೆಬ್ಬಾಳದಲ್ಲಿ ಬಾಡಿಗೆಗೆ ಇದ್ದೇವೆ, ಕೊನೆಯ ಮಹಡಿ. ಓನರ್ ಒಂದು ಮೊಳೆಗೂ ಒಪ್ಪುವುದಿಲ್ಲ. ಏನು ಮಾಡಬಹುದು?

ಉತ್ತರ: ಸುಣ್ಣಕ್ಕೆ ಯಾವ ಓನರೂ ಬೇಡ ಅನ್ನುವುದಿಲ್ಲ, ಖರ್ಚು ನಿಮ್ಮದು ಅಂದರೆ! ನಿಮ್ಮ ರೂಮಿನ ಮೇಲಿನ ಜಾಗಕ್ಕಷ್ಟೇ ಬಳಿದರೂ ಸಾಕು. ಬೆಳಿಗ್ಗೆ 9ರ ಮೇಲೆ ಕಿಟಕಿ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ಎಲ್ಲ ತೆಗೆದು, ಒಂದು ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖ ಮಾಡಿ ಇಡಿ. ಬಿಸಿ ಗಾಳಿಯನ್ನು ಅದು ಆಚೆ ದಬ್ಬುತ್ತದೆ, ಬೇರೆ ಕಿಟಕಿಗಳಿಂದ ತಣ್ಣನೆ ಗಾಳಿ ತಾನೇ ಬರುತ್ತದೆ.

ಪ್ರಶ್ನೆ: ಕೆಲಸ ಬೆಂಗಳೂರಿನಲ್ಲಿ, ಹಿರಿಯರ ಮನೆ ಮಂಗಳೂರಿನಲ್ಲಿ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಅಪ್ಪ-ಅಮ್ಮನಿಗೆ ಅಂತ ಒಂದು ರೂಮಿಗೆ ಫಾಲ್ಸ್ ಸೀಲಿಂಗ್, ಎಸಿ, ಚಂದದ ವಿನೈಲ್ ವಾಲ್‌ಪೇಪರ್ ಹಾಕಿಸಿದೆವು. ಒಂದೇ ವರ್ಷಕ್ಕೆ ವಾಲ್‌ಪೇಪರ್ ಉಬ್ಬಿ ಹಿಂದೆಲ್ಲ ಕಪ್ಪಾಗಿದೆ. ಇನ್ಸುಲೇಷನ್ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಮೊದಲು ಆ ವಾಲ್‌ಪೇಪರ್ ಕಿತ್ತು ಹಾಕಿ. ಕೀಳುವಾಗ ಮಾಸ್ಕ್ ಇರಲಿ, ಅಪ್ಪ-ಅಮ್ಮ ಬೇರೆ ರೂಮಿನಲ್ಲಿರಲಿ.

ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಟೇಬಲ್ ಮೇಲಿಟ್ಟರೆ ಬೆವರುತ್ತದಲ್ಲ, ನಿಮ್ಮ ಗೋಡೆಗೂ ಅದೇ ಆಗಿದೆ. ಮಂಗಳೂರಿನ ಗಾಳಿ 30 ಡಿಗ್ರಿ ಇದ್ದು ತೇವಾಂಶ ಶೇ. 80 ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕಟ್ಟುತ್ತದೆ. ನೀವು ಎಸಿ 22ಕ್ಕೋ 24ಕ್ಕೋ ಇಟ್ಟಿರುತ್ತೀರಿ. ಹೊರಗಿನ ತೇವ ತೂತು ತೂತಾದ ಕೆಂಪುಕಲ್ಲಿನ ಮೂಲಕ ಮೆಲ್ಲಗೆ ಒಳಗೆ ಬರುತ್ತದೆ, ತಣ್ಣಗಿನ ವಿನೈಲ್ ಹಾಳೆಗೆ ಬಂದು ತಾಗುತ್ತದೆ, ಮುಂದೆ ಹೋಗಲು ದಾರಿ ಇಲ್ಲ, ಅಲ್ಲೇ ನೀರಾಗುತ್ತದೆ. ಇದು ನಮ್ಮ ಕರಾವಳಿಯ ಪಾಡು ಮಾತ್ರ ಅಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಎಷ್ಟೋ ಹೋಟೆಲ್‌ಗಳು ಇದೇ ವಿನೈಲ್ ವಾಲ್‌ಪೇಪರ್ ಹಿಂದಿನ ಬೂಷ್ಟಿನಿಂದ ಕೈ ಸುಟ್ಟುಕೊಂಡಿವೆ. ಚಳಿ ದೇಶದಲ್ಲಿ ಪ್ಲಾಸ್ಟಿಕ್ ತಡೆ ಒಳಬದಿಗೆ ಹಾಕುತ್ತಾರೆ, ಯಾಕೆಂದರೆ ಅಲ್ಲಿ ತೇವ ಒಳಗಿಂದ ಹೊರಗೆ ಹೋಗುತ್ತದೆ. ಸೆಖೆ ಊರಿನಲ್ಲಿ ಎಸಿ ಹಾಕಿದರೆ ಅದು ಉಲ್ಟಾ. ಕೆನಡಾದವರ ವಿಡಿಯೊ ನೋಡಿ ಮಂಗಳೂರಿನಲ್ಲಿ ಕೆಲಸ ಮಾಡಿಸಿದರೆ ಹೀಗೇ ಆಗುವುದು.

ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ, ತೇವಾಂಶ ಶೇ. 30 ಅಂತಿಟ್ಟುಕೊಳ್ಳಿ, ಆಗ ನೀರು ಕಟ್ಟಲು 14 ಡಿಗ್ರಿಗೆ ಇಳಿಯಬೇಕು. ಅದಕ್ಕೇ ಇದೇ ವಾಲ್‌ಪೇಪರ್ ನಿಮ್ಮ ಬೆಂಗಳೂರಿನ ಫ್ಲಾಟಿನಲ್ಲಿ ಸುಮ್ನೆ ಇರಬಹುದು.

ಈಗ ಗೋಡೆ ಪೂರ್ತಿ ಒಣಗಲಿ. ಒಂದು ಅಡಿ ಚೌಕದ ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಂಡು ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಮಾಡಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಕಿತ್ತಾಗ ಗೋಡೆ ಕಡೆಯ ಮುಖ ಒದ್ದೆಯಾಗಿದ್ದರೆ ತೇವ ಗೋಡೆಯದ್ದು. ರೂಮಿನ ಕಡೆಯ ಮುಖದಲ್ಲಿ ಹನಿ ಇದ್ದರೆ ಅದು ರೂಮಿನ ಗಾಳಿಯದ್ದು. ಗೋಡೆಯದ್ದಾದರೆ ಮಾಡಿನ ಅಂಚು, ಮಳೆ ಹೊಡೆಯುವ ಪಶ್ಚಿಮದ ಬದಿ, ಬಿರುಕು, ಪೈಪು ನೋಡಿಸಿ. ಒಳಗೆ ಸುಣ್ಣದ ಗಾರೆ ಅಥವಾ ತೇವ ಬಿಟ್ಟುಕೊಡುವ ಸಾದಾ ಬಣ್ಣ ಸಾಕು, ವಿನೈಲ್ ಬೇಡ, ಹೊಳೆಯುವ ಆಯಿಲ್ ಪೇಂಟ್ ಕೂಡ ಬೇಡ. ಎಸಿ 26ಕ್ಕೆ ಇಟ್ಟು ಫ್ಯಾನ್ ಹಾಕಿ.

ಇನ್ಸುಲೇಷನ್ ಬೇಕೇ ಅಂದರೆ, ಎಸಿ ಇರುವ ರೂಮಿಗೆ, ಫಾಲ್ಸ್ ಸೀಲಿಂಗ್ ಮೇಲೆ ಮೊದಲು, ಗೋಡೆಗೆ ಹೊರಗಡೆಯಿಂದ. ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ, ಒದ್ದೆ ಗೋಡೆಗೆ ಹೊದಿಕೆ ಹಾಕಬಾರದು. ಎಸಿ ಇಲ್ಲದ ರೂಮುಗಳ ಗೋಡೆಗೆ ಖರ್ಚು ಮಾಡಬೇಡಿ. ಕಿಟಕಿ ಬಾಗಿಲು ತೆಗೆದೇ ಇರುವ ಮನೆಯಲ್ಲಿ ಒಳಗೂ ಹೊರಗೂ ಹೆಚ್ಚುಕಮ್ಮಿ ಒಂದೇ ಶಾಖ, ಗೋಡೆ ತಡೆಯುವುದಾದರೂ ಏನನ್ನು? ಅಲ್ಲಿ ಗಾಳಿ ಆಡಬೇಕು, ಗೋಡೆಗೆ ನೆರಳಿರಬೇಕು, ಉದ್ದನೆ ಜಗಲಿ ಇಟ್ಟು ಕಟ್ಟಿದ ನಿಮ್ಮಜ್ಜನಿಗೆ ಇದು ಗೊತ್ತಿತ್ತು.

ಪ್ರಶ್ನೆ: ಗೋಡೆಗೆ ಬಳಿದರೆ ಇನ್ಸುಲೇಷನ್ ಥರ ಕೆಲಸ ಮಾಡುವ ಪೇಂಟ್ ಬಂದಿದೆಯಂತೆ, ನಿಜವಾ?

ಉತ್ತರ: ಬಿಸಿಲನ್ನು ವಾಪಸ್ ಕಳಿಸುತ್ತದೆ ಅಂದರೆ ನಂಬಿ. ಹೊಸ ಬಿಳಿ ಬಣ್ಣ ಮುಕ್ಕಾಲು ಪಾಲು ಬಿಸಿಲನ್ನು ಒಳಗೆ ಬಿಡುವುದಿಲ್ಲ, ಧೂಳು ಕೂತ ಹಾಗೆ ಕಮ್ಮಿಯಾಗುತ್ತದೆ. ಇನ್ಸುಲೇಷನ್‌ಗೆ ಸಮ ಅಂದರೆ ನಂಬಬೇಡಿ. ಇನ್ಸುಲೇಷನ್‌ಗೆ ದಪ್ಪ ಬೇಕು, ಪೇಂಟ್ ಒಂದು ಮಿಲಿಮೀಟರೂ ಇರುವುದಿಲ್ಲ. ಒಳಗೋಡೆಗೆ ಬಳಿಯುವುದಂತೂ ದಂಡ.

ಪ್ರಶ್ನೆ: ಮಲ್ಲೇಶ್ವರದಲ್ಲಿ ಹಳೇ ಮನೆ ಕೊಂಡಿದ್ದೇವೆ. ಪಶ್ಚಿಮದ ಗೋಡೆಗೆ ಹೊರಗಡೆಯಿಂದಲೇ ಹಾಕಿಸೋಣ ಎಂದಿದ್ದೇವೆ. ಥರ್ಮೊಕೋಲಾ, ರಾಕ್‌ವೂಲಾ (ಕಲ್ಲಿನ ಎಳೆಗಳ ಹೊದಿಕೆ)? ಆ ಗೋಡೆಯ ಕೆಳಗಿನ 2 ಅಡಿ ಬಣ್ಣ ಉದುರುತ್ತಿದೆ, ಅದೂ ಮುಚ್ಚಿಹೋಗುತ್ತದಲ್ಲ?

ಉತ್ತರ: ಮುಚ್ಚಿಹೋಗುತ್ತದೆ, ವಾಸಿ ಆಗುವುದಿಲ್ಲ. ಅದು ನೆಲದಿಂದ ಏರುವ ತೇವ, ಜೊತೆಗೆ ಉಪ್ಪು. ಗೋಡೆ ಬುಡದ ಮಣ್ಣು ತಗ್ಗಿಸಿ, ನೀರು ನಿಲ್ಲದ ಹಾಗೆ ಮಾಡಿ. ಹಳೇ ಗಾರೆ ಗೋಡೆ ಮೇಲೆ ಯಾರೋ ಸಿಮೆಂಟ್ ಬಳಿದಿರುತ್ತಾರೆ, ಆ ಭಾಗ ಕೆರೆಸಿ ಸುಣ್ಣದ ಗಾರೆ ಹಾಕಿಸಿ. ಒಂದು ಮಳೆಗಾಲ ಕಾದು ನೋಡಿ.

ಶಾಖ ತಡೆಯುವುದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. 2 ಇಂಚು ಥರ್ಮೊಕೋಲ್ ಹೆಚ್ಚುಕಮ್ಮಿ 3 ಅಡಿ ದಪ್ಪದ ಇಟ್ಟಿಗೆ ಗೋಡೆಗೆ ಸಮ, ರಾಕ್‌ವೂಲ್ ಅದರ ಆಸುಪಾಸು. ಥರ್ಮೊಕೋಲ್ ಅಗ್ಗ, ಆದರೆ ಬೆಂಕಿ ಹಿಡಿಯುತ್ತದೆ. ರಾಕ್‌ವೂಲ್ ಉರಿಯುವುದಿಲ್ಲ, ತೇವವನ್ನು ಆಚೆ ಬಿಡುತ್ತದೆ. ಹಳೇ ಸುಣ್ಣದ ಗೋಡೆಗೆ ನಾನಾದರೆ ಅದನ್ನೇ ಹಾಕಿಸುತ್ತಿದ್ದೆ. ಯಾವುದೇ ಆದರೂ ಮೇಲೆ ಜಾಲರಿ ಮತ್ತು ಪ್ಲಾಸ್ಟರ್ ಬೇಕು, ಕಿಟಕಿಯ ಸುತ್ತ ನೀರು ಇಳಿಯದಂತೆ ಕೆಲಸ ನಾಜೂಕಾಗಿರಬೇಕು.

ಇನ್ನೊಂದು, ಯಾರೂ ಹೇಳುವುದಿಲ್ಲ. ಹೊದಿಕೆಯನ್ನು ನೆಲದವರೆಗೂ ಇಳಿಸಬೇಡಿ. ಗೆದ್ದಲಿಗೆ ಥರ್ಮೊಕೋಲ್ ಊಟ ಅಲ್ಲ, ಆದರೆ ಅದರೊಳಗೆ ಸುರಂಗ ಕೊರೆದುಕೊಂಡು ಯಾರ ಕಣ್ಣಿಗೂ ಬೀಳದೆ ನಿಮ್ಮ ಬಾಗಿಲ ಚೌಕಟ್ಟಿಗೆ ಹೋಗುತ್ತದೆ. ನೆಲದಿಂದ ಒಂದು ಗೇಣು ಗೋಡೆ ಬರಿದೇ ಬಿಡಿ, ತಿಂಗಳಿಗೊಮ್ಮೆ ಬಗ್ಗಿ ಟಾರ್ಚ್ ಹಾಕಿ ಮಣ್ಣಿನ ಗೆರೆ ಹತ್ತಿದೆಯಾ ನೋಡಿ.