ನಕ್ಷತ್ರಗಳ ಸುಗ್ಗಿ

ಪ್ರಶ್ನೆ: ದೂರದ ಕೆಲವು ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಭಾರೀ ವೇಗದಲ್ಲಿ ಹುಟ್ಟುತ್ತವಂತೆ. ನಮ್ಮಲ್ಲೇಕೆ ಹಾಗಿಲ್ಲ?

ಉತ್ತರ: ಎಲ್ಲ ಅನಿಲದ ಮಹಿಮೆ. ನಮ್ಮ ಕ್ಷೀರಪಥದಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ಮಾತ್ರ ನಕ್ಷತ್ರವಾಗುತ್ತದೆ. ಅಲ್ಲಿ ಅನಿಲ ತುಂಬಿದ ಗೆಲಾಕ್ಸಿಗಳು ಡಿಕ್ಕಿ ಹೊಡೆದಾಗ ಅದೆಲ್ಲ ನಡುವಿಗೆ ನುಗ್ಗಿ ಒತ್ತಿಕೊಳ್ಳುತ್ತದೆ. ಲೆಕ್ಕ ನೂರಾರು ಸೂರ್ಯರಿಗೆ ಏರುತ್ತದೆ. ಆದರೂ ಕಣ್ಣಿಗೆ ಮಂಕು, ಬೆಳಕನ್ನು ಧೂಳು ನುಂಗಿಬಿಡುತ್ತದೆ. ಕಾದ ಧೂಳು ಸೂಸುವ ಅವಕೆಂಪು ಕಿರಣ ನಮ್ಮನ್ನು ಮುಟ್ಟುವಷ್ಟರಲ್ಲಿ, ಹಿಗ್ಗುವ ವಿಶ್ವದ ಜೊತೆ ತಾನೂ ಹಿಗ್ಗಿ ಮಿಲಿಮೀಟರ್ ಅಲೆಯಾಗಿರುತ್ತದೆ. ಚಿಲಿ ದೇಶದ ಆಲ್ಮಾ ರೇಡಿಯೊ ದೂರದರ್ಶಕ ಹಿಡಿಯುವುದು ಅದನ್ನೇ.

ಹತ್ತಿರದ ಮಾದರಿ ಬೇಕೆ? ಸಪ್ತರ್ಷಿ ಮಂಡಲದ ಎಂ82 ಎಂಬ ಗೆಲಾಕ್ಸಿ, 1.2 ಕೋಟಿ ಜ್ಯೋತಿರ್ವರ್ಷ ದೂರ. ನನ್ನ ಪುಟ್ಟ ದೂರದರ್ಶಕದಲ್ಲಿ ಅದೊಂದು ಬೂದು ಗೀರು. ಮೊದಲ ಸಲ ಲೆನ್ಸಿನ ಕೊಳೆಯೆಂದು ಒರೆಸಿದ್ದೆ! ಇಂಥ ಸುಗ್ಗಿ ಸಾಮಾನ್ಯವಾಗಿ ಹತ್ತಾರು ಕೋಟಿ ವರ್ಷ ದಾಟದು, ಅಷ್ಟರಲ್ಲಿ ಅನಿಲ ಖಾಲಿ.