ಮದುವೆಯ ಡಿವಿಡಿಯ ಗಾತ್ರ ಇಳಿಸುವುದು ಹೇಗೆ?

ಪ್ರಶ್ನೆ: ಮದುವೆಯ ಡಿವಿಡಿಯಿಂದ ಕಂಪ್ಯೂಟರಿಗೆ ಹಾಕಿಕೊಂಡ ವಿಡಿಯೊ ಕಡತದ ಹೆಸರಿನ ಕೊನೆಯಲ್ಲಿದ್ದ ವಿಒಬಿಯನ್ನು ಎಂಪಿ4 ಎಂದು ಬದಲಿಸಿದರೂ ಗಾತ್ರ ಕಡಿಮೆಯಾಗಲಿಲ್ಲ, ಏಕೆ?

ಉತ್ತರ: ಎಂಪಿ4 ಎಂಬುದು ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೆ ಇಡುವ ಪೆಟ್ಟಿಗೆ ಮಾತ್ರ, ಹೆಸರು ಬದಲಿಸಿದರೆ ಒಳಗಿನ ಕೊಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿಡುವ ವಿಧಾನ, ಬದಲಾಗುವುದಿಲ್ಲ. ಡಿವಿಡಿಯಲ್ಲಿರುವ ಹಳೆಯ ಎಂಪೆಗ್-2 ವಿಡಿಯೊವನ್ನು 2003ರಲ್ಲಿ ಬಂದ ಎಚ್.264 ಎಂಬ ಕೊಡೆಕ್‌ಗೆ ಮರಳಿ ಎನ್‌ಕೋಡ್ ಮಾಡಬೇಕು, ಅಂದರೆ ಆ ವಿಧಾನದಲ್ಲಿ ಹೊಸದಾಗಿ ಕುಗ್ಗಿಸಬೇಕು. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ಗುಣಮಟ್ಟದ ಅಂಕಿಯನ್ನು 20ರ ಆಸುಪಾಸಿನಲ್ಲಿಡಿ. ಅದು ಇಳಿದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ, ಕಡತ ದೊಡ್ಡದಾಗುತ್ತದೆ. ಅಕ್ಷತೆ ಹಾಕುವ ಕೈಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡರೆ ಡಿಇಂಟರ್‌ಲೇಸ್ ಆಯ್ಕೆಯನ್ನೂ ಬಳಸಿ. 2013ರ ಎಚ್.265 ಇನ್ನೂ ಚಿಕ್ಕ ಕಡತ ಕೊಡುತ್ತದೆಯಾದರೂ ಹಳೆಯ ಟಿವಿಗಳಲ್ಲಿ ಓಡದಿರಬಹುದಾದ್ದರಿಂದ ಮನೆಮಂದಿಗೆಲ್ಲ ಹಂಚಲು ಎಚ್.264 ಮೇಲು. ಪ್ರತಿ ಎನ್‌ಕೋಡಿಂಗಿನಲ್ಲೂ ಚಿತ್ರದ ವಿವರ ಸ್ವಲ್ಪ ನಷ್ಟವಾಗುವುದರಿಂದ ಮೂಲ ಕಡತವನ್ನು ದಯವಿಟ್ಟು ಅಳಿಸಬೇಡಿ.