ಕಾಸ್ ಎಕ್ಸ್‌ಗೆ ಸೈನ್ ಸರಣಿ ಹೇಗೆ ಬರುತ್ತೆ ಸರ್?

ಪ್ರಶ್ನೆ: ‘0 ಮತ್ತು ಪೈ ನಡುವೆ ಕಾಸ್ ಎಕ್ಸ್‌ನ ಹಾಫ್ ರೇಂಜ್ ಸೈನ್ ಸರಣಿ ಬರೆಯಿರಿ’ ಎಂದು ಲೆಕ್ಕ ಕೊಟ್ಟಿದ್ದಾರೆ, ಅಂದರೆ ಕಾಸ್ ಎಕ್ಸ್ ಅನ್ನು ಸೈನ್ ಎಕ್ಸ್, ಸೈನ್ 2ಎಕ್ಸ್ ಮುಂತಾದವುಗಳ ಮೊತ್ತವಾಗಿ ಬರೆಯುವ ಫೋರಿಯರ್ ಸರಣಿ. ಕಾಸ್ ಈವನ್ ಫಂಕ್ಷನ್, ಎಕ್ಸ್‌ಗೂ −ಎಕ್ಸ್‌ಗೂ ಒಂದೇ ಬೆಲೆ. ಈವನ್ ಆದರೆ ಸೈನ್ ಪದಗಳ ಗುಣಕ ಬಿಎನ್ ಎಲ್ಲ ಸೊನ್ನೆ. ಹಾಗಾದರೆ ಲೆಕ್ಕವೇ ತಪ್ಪಲ್ಲವೇ? ಗ್ರೇಸ್ ಅಂಕ ಕೇಳಬಹುದೇ?
– ಮೂರನೇ ಸೆಮಿಸ್ಟರ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಲೆಕ್ಕ ಸರಿಯಾಗಿದೆ. ಗ್ರೇಸ್ ಅಂಕದ ಆಸೆ ಬಿಡಿ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ‘ಸೈನ್ ಸರಣಿ ಆಡ್ ಫಂಕ್ಷನ್‌ಗೆ ಮಾತ್ರ’ ಎಂದು ಬರೆದ ಪಾಸಿಂಗ್ ಪ್ಯಾಕೇಜ್ ನೋಟ್ಸನ್ನು ಝೆರಾಕ್ಸ್ ಅಂಗಡಿಯಲ್ಲಿ ಮಾರುವವರೆಗೂ ಬರುತ್ತಲೇ ಇರುತ್ತದೆ.

ಈವನ್ ಅಥವಾ ಆಡ್ (−ಎಕ್ಸ್‌ನಲ್ಲಿ ಅದೇ ಬೆಲೆ, ಚಿಹ್ನೆ ಮಾತ್ರ ತಿರುಗುಮುರುಗು) ಎಂದು ಹೇಳಬೇಕಾದರೆ ಸೊನ್ನೆಯ ಎರಡೂ ಬದಿ ಫಂಕ್ಷನ್ ಗೊತ್ತಿರಬೇಕು. ನಿಮಗೆ ಕೊಟ್ಟಿರುವುದು 0ಯಿಂದ ಪೈವರೆಗಿನ ತುಂಡು ಮಾತ್ರ. ಎಡಬದಿ ಖಾಲಿ. ಅಲ್ಲಿ ಏನಿರಬೇಕೆಂದು ನಿರ್ಧರಿಸುವುದು ‘ಸೈನ್ ಸರಣಿ’ ಎಂಬ ಮಾತೇ ಹೊರತು ಕಾಸ್ ಎಂಬ ಹೆಸರಲ್ಲ. ತುಂಡನ್ನು ತೆಳುಹಾಳೆಯ ಮೇಲೆ ಬರೆದು, ಮೂಲಬಿಂದುವಿಗೆ ಗುಂಡುಸೂಜಿ ಚುಚ್ಚಿ, ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ. ಎಡಬದಿಗೆ ಬಂದ ಗೆರೆ ಮೈನಸ್ ಕಾಸ್ ಎಕ್ಸ್. ಇದು ಆಡ್ ವಿಸ್ತರಣೆ. ಹಸಿ ಶಾಯಿಯ ಹಾಳೆಯನ್ನು ವೈ ಅಕ್ಷದ ಮೇಲೆ ಮಡಚಿದರೆ ಮೂಡುವುದು ಈವನ್ ವಿಸ್ತರಣೆ, ಅದು ಕೊಸೈನ್ ಸರಣಿಗೆ. ಹೀಗೆ ಸಿಕ್ಕ 2ಪೈ ಉದ್ದದ ತುಂಡನ್ನು ಇಳಕಲ್ ಸೀರೆಯ ದಡಿಯ ಹಾಗೆ ಎರಡೂ ಕಡೆ ಮುಂದುವರಿಸಿ. ಸರಣಿ ಸೇರುವುದು ಈ ಇಡೀ ಪಟ್ಟಿಗೆ. ಇಂಟಿಗ್ರೇಷನ್‌ಗೆ ಕೈ ಹಾಕುವ ಮೊದಲು ಮೂರು ಆವರ್ತದ, ಅಂದರೆ ಮರುಕಳಿಸುವ ತುಂಡು ಮೂರು ಸಲ ಬರುವ, ಚಿತ್ರ ಬರೆಯದವರ ಉತ್ತರ ನೋಡಲು ನನಗೆ ಮನಸ್ಸಿಲ್ಲ.

ಈಗ ಲೆಕ್ಕ. ಬಿಎನ್ ಎಂದರೆ ಕಾಸ್ ಎಕ್ಸ್ ಗುಣಿಸು ಸೈನ್ ಎನ್‌ಎಕ್ಸ್‌ನ 0ಯಿಂದ ಪೈವರೆಗಿನ ಇಂಟಿಗ್ರಲ್, ಅದಕ್ಕೆ 2/ಪೈ ಗುಣಕ. ಇಲ್ಲಿ ಬರ್ನೌಲಿ ನಿಯಮ (ಭಾಗಶಃ ಇಂಟಿಗ್ರೇಷನ್ನನ್ನು ಮತ್ತೆ ಮತ್ತೆ ಮಾಡುವ ವಿಧಾನ) ಹಚ್ಚಬೇಡಿ. ಎಕ್ಸ್ ವರ್ಗದಂಥ ಬಹುಪದಿಯ ಡೆರಿವೇಟಿವ್ ಕೊನೆಗೆ ಸೊನ್ನೆಯಾಗುತ್ತದೆ, ಕಾಸ್‌ನದು ಎಂದೂ ಮುಗಿಯುವುದಿಲ್ಲ. ಗುಣಲಬ್ಧವನ್ನು ಸೈನ್ (ಎನ್+1)ಎಕ್ಸ್ ಮತ್ತು ಸೈನ್ (ಎನ್−1)ಎಕ್ಸ್ ಇವುಗಳ ಮೊತ್ತದ ಅರ್ಧ ಎಂದು ಒಡೆಯಿರಿ. ಎನ್ ಸಮಸಂಖ್ಯೆಯಾದರೆ ಬಿಎನ್ = 4ಎನ್ / ಪೈ(ಎನ್ ವರ್ಗ − 1), ಬೆಸವಾದರೆ ಸೊನ್ನೆ. ಎನ್ = 1 ಇದ್ದಾಗ ಛೇದ ಸೊನ್ನೆಯಾಗುವುದರಿಂದ ಈ ಸೂತ್ರ ಅಲ್ಲಿ ನಡೆಯುವುದಿಲ್ಲ. ಆ ಒಂದನ್ನು ಬೇರೆಯಾಗಿಯೇ ಮಾಡಬೇಕು: ಸೈನ್ ಎಕ್ಸ್ ಕಾಸ್ ಎಕ್ಸ್‌ನ ಇಂಟಿಗ್ರಲ್, ಉತ್ತರ ಸೊನ್ನೆ. ಆ ಸಾಲು ಬಿಟ್ಟರೆ ಅಂಕ ಹೋಗುತ್ತದೆ, ಹೋಗಲೇಬೇಕು.

ಸರಣಿ ಹೀಗಿದೆ: (8/3ಪೈ) ಸೈನ್ 2ಎಕ್ಸ್ + (16/15ಪೈ) ಸೈನ್ 4ಎಕ್ಸ್ + (24/35ಪೈ) ಸೈನ್ 6ಎಕ್ಸ್ + ...

ಬೆಸ ಪದಗಳು ಎಲ್ಲಿ ಹೋದವು? ಚಿತ್ರ ಬರೆದವರಿಗೆ ಕಾಣುತ್ತದೆ. ಎಡಬದಿಯ ಮೈನಸ್ ಕಾಸ್ ಎಕ್ಸ್ ಎಂದರೆ ಕಾಸ್ (ಎಕ್ಸ್+ಪೈ), ಅಂದರೆ ಬಲಗಡೆಯ ತುಂಡೇ ಪೈಯಷ್ಟು ಸರಿದು ಕೂತಿದೆ. ಪಟ್ಟಿಯ ನಿಜವಾದ ಆವರ್ತ 2ಪೈ ಅಲ್ಲ, ಪೈ. ಸೈನ್ ಎಕ್ಸ್, ಸೈನ್ 3ಎಕ್ಸ್‌ಗಳು ಪೈ ಸರಿದರೆ ಚಿಹ್ನೆ ಬದಲಿಸುತ್ತವೆ, ಅವಕ್ಕೆ ಇಲ್ಲಿ ಜಾಗವಿಲ್ಲ.

ತಾಳೆ ನೋಡಬೇಕೆ? ಎಕ್ಸ್ = ಪೈ/4 ಹಾಕಿ. ಸೊನ್ನೆಯಾಗದ ಪದಗಳ ಮೊತ್ತ ಒಂದೊಂದಾಗಿ 0.849, 0.631, 0.759, 0.668, 0.739 ಎಂದು ಮೇಲೆ ಕೆಳಗೆ ಆಡುತ್ತ 0.707ರ ಕಡೆ ಬರುತ್ತದೆ. ಆದರೆ ಎಕ್ಸ್ = 0 ಹಾಕಿದರೆ ಸರಣಿ ಸೊನ್ನೆ, ಕಾಸ್ 0 ಆದರೋ 1. ಇದೂ ತಪ್ಪಲ್ಲ. ಅಲ್ಲಿ ಪಟ್ಟಿ −1ರಿಂದ 1ಕ್ಕೆ ಜಿಗಿಯುತ್ತದೆ, ಸರಣಿ ನಡುವಿನ ಬೆಲೆ ಹಿಡಿಯುತ್ತದೆ. ಜಿಗಿತದ ಪಕ್ಕದಲ್ಲಿ ಕಂಪ್ಯೂಟರ್ ಗ್ರಾಫ್ ಸುಮಾರು 1.18ರವರೆಗೆ ಏಳುವುದೂ ಪ್ರೋಗ್ರಾಮಿನ ದೋಷವಲ್ಲ, ಗಿಬ್ಸ್ ಕೊಂಬು. ಅದು ಜಿಗಿತದ ಸುಮಾರು ಶೇ. 9ರಷ್ಟು. ಪದ ಹೆಚ್ಚಿಸಿದರೆ ಕೊಂಬು ತೆಳ್ಳಗಾಗಿ ಜಿಗಿತದ ಕಡೆ ಸರಿಯುತ್ತದೆ, ಗಿಡ್ಡವಾಗುವುದಿಲ್ಲ.

ಪ್ರಶ್ನೆ: 0ಯಿಂದ 2ರವರೆಗೆ ಎಕ್ಸ್ ವರ್ಗದ ಸೈನ್ ಸರಣಿ. ಎಕ್ಸ್ = 3 ಆದಾಗ ಮೊತ್ತ 9 ತಾನೇ?
– ಬಾಗಲಕೋಟೆ

ಉತ್ತರ: ಅಲ್ಲ, −1. ಹಾಫ್ ರೇಂಜ್ ಎಂದರೆ ಕೊಟ್ಟ 2 ಅರ್ಧ ಮಾತ್ರ, ಆವರ್ತ 4. ಆದ್ದರಿಂದ 3ರಲ್ಲಿ 4 ಕಳೆದರೆ −1, ಅಲ್ಲಿ ಆಡ್ ವಿಸ್ತರಣೆಯ ಬೆಲೆ −1. ಎಕ್ಸ್ = 5 ಆದರೆ 1. ಎಕ್ಸ್ = 2ರಲ್ಲಿ 4 ಮತ್ತು −4ರ ನಡುವೆ, ಸೊನ್ನೆ. ಸೈನ್ ಒಳಗೆ ಎನ್ ಪೈ ಎಕ್ಸ್/2 ಬರೆಯಬೇಕು. /2 ಬಿಟ್ಟವರು ಆವರ್ತ 2 ಎಂದು ಹಿಡಿದು ಬೇರೆ ಲೆಕ್ಕವನ್ನೇ ಮಾಡಿರುತ್ತಾರೆ.

ಪ್ರಶ್ನೆ: ನನ್ನ ಬಿಎನ್ ಸರಿಯಿದೆಯೇ ಎಂದು ಉತ್ತರ ನೋಡದೆ ತಿಳಿಯುವುದು ಹೇಗೆ?
– ವಿಜಯಪುರ

ಉತ್ತರ: ಒಳ್ಳೆಯ ಪ್ರಶ್ನೆ, ಅಪರೂಪಕ್ಕೆ. ತುಂಡಿನ ಎರಡು ತುದಿ ನೋಡಿ. ನಡುವೆ ಎಲ್ಲೂ ಮುರಿಯದ ಫಂಕ್ಷನ್ ತುದಿಗಳಲ್ಲಿ ಸೊನ್ನೆಯಿದ್ದರೆ ಆಡ್ ವಿಸ್ತರಣೆಗೆ ಜಿಗಿತವಿಲ್ಲ. ಬಿಎನ್ 1/ಎನ್‌ಗಿಂತ ಬೇಗ ಇಳಿಯಬೇಕು. ಎಕ್ಸ್(ಪೈ − ಎಕ್ಸ್)ಗೆ ಬೆಸ ಎನ್‌ಗಳಲ್ಲಿ 8/(ಪೈ ಎನ್ ಘನ) ಬರುತ್ತದೆ. ನಿಮಗೆ ಬರೀ 1/ಎನ್ ಬಂದಿದ್ದರೆ ಬರ್ನೌಲಿ ನಿಯಮದಲ್ಲಿ ಒಂದು ಪ್ಲಸ್ ಮೈನಸ್ ಕೈತಪ್ಪಿದೆ.

ಪ್ರಶ್ನೆ: ಸೈನ್, ಕೊಸೈನ್ ಎರಡರಲ್ಲಿ ಯಾವುದು ಶ್ರೇಷ್ಠ?

ಉತ್ತರ: ತುದಿ ಬಿಗಿದ ತಂತಿಗೂ ತುದಿಯನ್ನು ಸೊನ್ನೆ ಡಿಗ್ರಿಯಲ್ಲಿಟ್ಟ ಸರಳಿಗೂ ಸೈನ್, ತುದಿಯಿಂದ ಶಾಖ ಹೊರಹೋಗದ ಸರಳಿಗೆ ಕೊಸೈನ್.

ಪ್ರಶ್ನೆ: ಬಿಎನ್ ಸೂತ್ರದಲ್ಲಿ 2/ಪೈ ಬದಲು ಗುಣಕ 1/ಪೈ ಹಾಕಿದರೆ ನಡೆಯುತ್ತದೆಯೇ?

ಉತ್ತರ: −ಪೈಯಿಂದ ಪೈವರೆಗೆ ಇಂಟಿಗ್ರೇಟ್ ಮಾಡಿದರೆ ನಡೆಯುತ್ತದೆ. ಅರ್ಧಕ್ಕೇ ನಿಲ್ಲಿಸಿ 1/ಪೈ ಹಾಕಿದರೆ ಉತ್ತರವೂ ಅರ್ಧ.

ಪ್ರಶ್ನೆ: ಈ ಸಲ ಯಾವ ಲೆಕ್ಕ ಬರಬಹುದು?

ಉತ್ತರ: ಗಿಳಿಶಾಸ್ತ್ರದವರನ್ನು ಕೇಳಿ.